ಹಳೆಯ ಡೀಸೆಲ್ ಲಾರಿ ಹೊಗೆ ತಪಾಸಣೆಯಲ್ಲಿ ಪಾಸಾಗಬೇಕಾದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೋ ಎರಡೋ ಲಾರಿ ಇಟ್ಟುಕೊಂಡು ತಾವೇ ಓಡಿಸುವ ಮಾಲೀಕರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಟಾಟಾ 407, 1109, 1613, ಹಳೆಯ ಲೇಲ್ಯಾಂಡ್, ಐಷರ್ ಮುಂತಾಗಿ ಯಾಂತ್ರಿಕ ಡೀಸೆಲ್ ಪಂಪ್ ಇರುವ ಗಾಡಿಗಳ ಬಗ್ಗೆಯೇ ಇಲ್ಲಿ ಹೆಚ್ಚು ಮಾತು. ಇಂಥ ಲಾರಿ ಹಳೆಯದೆಂಬ ಒಂದೇ ಕಾರಣಕ್ಕೆ ಫೇಲ್ ಆಗುವುದಿಲ್ಲ. ಅದಕ್ಕೆ ಕಾನೂನು ಇಟ್ಟಿರುವ ಮಿತಿ ಸಾಕಷ್ಟು ಸಡಿಲವಾಗಿದೆ. ಆರೈಕೆಯಲ್ಲಿರುವ ಎಂಜಿನ್ ಆ ಮಿತಿಯೊಳಗೆ ಬರುತ್ತದೆ. ಬರುತ್ತಿಲ್ಲ ಎಂದಾದರೆ ಎಲ್ಲೋ ಒಂದು ಕಡೆ ದುರಸ್ತಿ ಬಾಕಿ ಇದೆ ಎಂದೇ ಅರ್ಥ, ಮತ್ತು ಆ ದುರಸ್ತಿ ಬಹಳ ಸಲ ಜನ ಹೆದರುವಷ್ಟು ದೊಡ್ಡದಾಗಿರುವುದಿಲ್ಲ.

ಡೀಸೆಲ್ ಲಾರಿಯಲ್ಲಿ ನಿಜವಾಗಿ ಏನನ್ನು ಅಳೆಯುತ್ತಾರೆ?

ಹೊಗೆಯ ದಟ್ಟಣೆಯನ್ನು ಮಾತ್ರ. ಪೆಟ್ರೋಲ್ ಗಾಡಿಯಲ್ಲಿ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್ ಎಂದು ಅನಿಲಗಳನ್ನು ಅಳೆಯುತ್ತಾರೆ; ಡೀಸೆಲ್‌ನಲ್ಲಿ ಹಾಗಲ್ಲ. ಸೈಲೆನ್ಸರ್ ಕೊಳವೆಯೊಳಗೆ ಒಂದು ನಳಿಕೆಯನ್ನು ಇಟ್ಟು, ಅದರ ಮೂಲಕ ಬಂದ ಹೊಗೆಯನ್ನು ಹೊಗೆ ಮೀಟರಿನ ಕೋಣೆಗೆ ಬಿಡುತ್ತಾರೆ. ಕೋಣೆಯ ಒಂದು ತುದಿಯಲ್ಲಿ ಬೆಳಕು, ಇನ್ನೊಂದು ತುದಿಯಲ್ಲಿ ಅದನ್ನು ಗ್ರಹಿಸುವ ಸೆನ್ಸರ್ ಇರುತ್ತದೆ. ನಡುವೆ ಇರುವ ಮಸಿ ಎಷ್ಟು ಬೆಳಕನ್ನು ತಡೆಯಿತು ಎಂಬುದೇ ಅಳತೆ.

ಗೇರ್ ನ್ಯೂಟ್ರಲ್‌ನಲ್ಲಿ, ಲಾರಿ ನಿಂತಲ್ಲೇ ಇರುತ್ತದೆ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆಕ್ಸಿಲರೇಟರನ್ನು ಒಮ್ಮೆಗೇ ಪೂರ್ತಿ ಒತ್ತಿ, ಗವರ್ನರ್ ತಡೆಯುವ ಗರಿಷ್ಠ ವೇಗ ಮುಟ್ಟಿದ ಮೇಲೆ ಬಿಡಬೇಕು. ಹೀಗೆ ಹಲವು ಸಲ ಒತ್ತಿ, ಒಂದರ ಹಿಂದೊಂದು ಬರುವ ಅಂಕಿಗಳು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಂತಾಗ ಅವುಗಳ ಸರಾಸರಿಯನ್ನು ತೆಗೆದುಕೊಳ್ಳುತ್ತಾರೆ. ಎಂಜಿನ್ ಆಯಿಲ್‌ನ ಉಷ್ಣತೆ ಕನಿಷ್ಠ 60 ಡಿಗ್ರಿ ಸೆಲ್ಸಿಯಸ್ ಇರಬೇಕು. ತಣ್ಣಗಿರುವ ಎಂಜಿನ್ ಮೇಲೆ ಮಾಡಿದ ಪರೀಕ್ಷೆ ನಿಯಮದ ಪ್ರಕಾರ ಪರೀಕ್ಷೆಯೇ ಅಲ್ಲ.

ನನ್ನ ಲಾರಿಗೆ ಮಿತಿ ಎಷ್ಟು?

ಕೇಂದ್ರ ಮೋಟಾರು ವಾಹನಗಳ ನಿಯಮಗಳು 1989, ಅದರ 115ನೇ ನಿಯಮದಲ್ಲಿ ಈ ಮಿತಿಗಳಿವೆ. ಬಿಎಸ್ (ಭಾರತ್ ಸ್ಟೇಜ್, ಅಂದರೆ ಹೊಸ ವಾಹನಗಳ ಮಾಲಿನ್ಯ ಮಾನದಂಡ) 4ಕ್ಕಿಂತ ಹಿಂದಿನ ಎಲ್ಲ ಡೀಸೆಲ್ ವಾಹನಗಳಿಗೆ ಕೆ ಮೌಲ್ಯ (ಹೊಗೆ ಬೆಳಕನ್ನು ತಡೆಯುವ ಪ್ರಮಾಣ) ಮೀಟರಿಗೆ 2.45, ಅಂದರೆ 65 ಹಾರ್ಟ್‌ರಿಜ್ ಘಟಕ. ಬಿಎಸ್ 4 ವಾಹನಗಳಿಗೆ 1.62, ಅಂದರೆ 50 ಹಾರ್ಟ್‌ರಿಜ್. ಬಿಎಸ್ 6ಕ್ಕೆ 0.7.

ಎರಡು ಬಗೆಯ ಅಂಕಿ ಕಂಡು ಗಾಬರಿಯಾಗಬೇಡಿ. ಎರಡೂ ಒಂದೇ ಹೊಗೆಯ ಅಳತೆ. 0.43 ಮೀಟರ್ ಉದ್ದದ ಹೊಗೆ ತುಂಬಿದ ಕೊಳವೆಯಲ್ಲಿ ಶೇಕಡಾ ಎಷ್ಟು ಬೆಳಕು ತಡೆಯಲ್ಪಟ್ಟಿತು ಎಂಬುದು ಹಾರ್ಟ್‌ರಿಜ್ ಲೆಕ್ಕ. ಕೆ ಮೌಲ್ಯ 2.45 ಇದ್ದರೆ ನೂರರಲ್ಲಿ 65 ಭಾಗ ಬೆಳಕು ಆಚೆ ತುದಿಯನ್ನು ತಲುಪುವುದಿಲ್ಲ. ಅರ್ಧ ಮೀಟರೂ ಇಲ್ಲದ ಕೊಳವೆಯಲ್ಲಿ ಮೂರನೇ ಎರಡು ಭಾಗದಷ್ಟು ಬೆಳಕನ್ನು ನುಂಗುವ ಹೊಗೆ ಎಂದರೆ ಅದು ಸಾಮಾನ್ಯ ಹೊಗೆಯಲ್ಲ. ಮಿತಿ ಸಡಿಲ ಎಂದು ನಾನು ಹೇಳಿದ್ದು ಇದಕ್ಕೇ. ಇಷ್ಟು ಸಡಿಲವಾದ ಮಿತಿಯನ್ನೂ ದಾಟುವ ಎಂಜಿನ್ ನಿಮ್ಮ ಡೀಸೆಲ್ ದುಡ್ಡನ್ನು ದಿನವೂ ಹೊಗೆಯಾಗಿ ಹೊರಗೆ ಬಿಡುತ್ತಿದೆ.

ನನ್ನದು ಬಿಎಸ್ ಎಷ್ಟು ಎಂದು ತಿಳಿಯುವುದು ಹೇಗೆ?

ಆರ್‌ಸಿಯಲ್ಲಿ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ನಮೂದಾಗಿರುತ್ತದೆ; ಅದನ್ನೇ ನಂಬಿ. ತಯಾರಾದ ವರ್ಷವೊಂದನ್ನೇ ನೋಡಿ ಹೇಳಲು ಆಗದ ಒಂದು ಅವಧಿ ಇದೆ. 2010ರ ಏಪ್ರಿಲ್‌ನಿಂದ ಬೆಂಗಳೂರು ಸೇರಿ 13 ನಗರಗಳಲ್ಲಿ ಬಿಎಸ್ 4 ಜಾರಿಗೆ ಬಂತು, ಉಳಿದ ಕಡೆ ಅದೇ ವರ್ಷ ಬಿಎಸ್ 3 ಬಂತು. ದೇಶಕ್ಕೆಲ್ಲ ಬಿಎಸ್ 4 ಕಡ್ಡಾಯವಾದದ್ದು 2017ರ ಏಪ್ರಿಲ್ 1ರಂದು, ಬಿಎಸ್ 6 ಬಂದದ್ದು 2020ರ ಏಪ್ರಿಲ್ 1ರಂದು. ಹಾಗಾಗಿ ಒಂದೇ ವರ್ಷದ ಎರಡು ಲಾರಿಗಳಿಗೆ ಬೇರೆ ಬೇರೆ ಮಿತಿ ಇರುವುದು ಸಾಧ್ಯ. ತಪಾಸಣಾ ಕೇಂದ್ರದವರು ಯಾವ ಮಿತಿ ಹಾಕಿದ್ದಾರೆ ಎಂದು ಚೀಟಿಯಲ್ಲಿ ಒಮ್ಮೆ ನೋಡಿಕೊಳ್ಳಿ.

ಹೈವೇಯಲ್ಲಿ ಹೊಗೆಯೇ ಕಾಣುವುದಿಲ್ಲ. ಆದರೂ ಯಂತ್ರದಲ್ಲಿ ಫೇಲ್ ಎಂದು ಬರುತ್ತದೆ. ಯಂತ್ರವೇ ಸರಿಯಿಲ್ಲವೇ?

ಯಂತ್ರ ಕೆಟ್ಟಿರಬಹುದು, ಆದರೆ ಅದಕ್ಕಿಂತ ಹೆಚ್ಚಾಗಿ ಕಾರಣ ಬೇರೆ ಇರುತ್ತದೆ. ಒಂದೇ ವೇಗದಲ್ಲಿ ಓಡುತ್ತಿರುವ ಎಂಜಿನ್‌ಗೆ ಬೇಕಾದಷ್ಟು ಗಾಳಿ ಸಿಗುತ್ತಿರುತ್ತದೆ. ತಪಾಸಣೆಯಲ್ಲಿ ನೋಡುವುದು ಆ ಸ್ಥಿತಿಯನ್ನಲ್ಲ. ಐಡ್ಲಿಂಗ್‌ನಿಂದ ಒಮ್ಮೆಗೇ ಪೂರ್ತಿ ಒತ್ತಿದಾಗ ಪಂಪ್ ತಕ್ಷಣ ಹೆಚ್ಚು ಡೀಸೆಲ್ ಕೊಡುತ್ತದೆ, ಗಾಳಿ ಅಷ್ಟು ಬೇಗ ಬರುವುದಿಲ್ಲ. ಟರ್ಬೊ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇರುವ ಎಂಜಿನ್‌ನಲ್ಲಿ ಈ ಅಂತರ ಇನ್ನೂ ಹೆಚ್ಚು, ಏಕೆಂದರೆ ಟರ್ಬೊ ತಿರುಗಿ ಒತ್ತಡ ಕಟ್ಟುವುದಕ್ಕೆ ಸಮಯ ಬೇಕು. ಆ ಒಂದೆರಡು ಸೆಕೆಂಡಿನಲ್ಲಿ ಬರುವ ಕಪ್ಪು ಹೊಗೆಯೇ ನಿಮ್ಮ ಅಂಕಿ. ಸಿಗ್ನಲ್‌ನಲ್ಲಿ ಲಾರಿ ಹೊರಡುವಾಗ ಹಿಂದಿನ ಬೈಕ್ ಸವಾರನ ಮುಖಕ್ಕೆ ಹೊಡೆಯುವ ಹೊಗೆಯೂ ಅದೇ.

ಮೀಟರಿನ ಮೇಲೆ ನಿಜವಾಗಿ ಅನುಮಾನವಿದ್ದರೆ ಬೇರೆ ಕೇಂದ್ರದಲ್ಲಿ ಇನ್ನೊಮ್ಮೆ ಮಾಡಿಸಿ. ಲೆನ್ಸ್‌ಗೆ ಮಸಿ ಹಿಡಿದ ಮೀಟರ್ ಹೆಚ್ಚು ತೋರಿಸುವುದುಂಟು. ನಳಿಕೆಯನ್ನು ಹೊರಗಿಟ್ಟಾಗ ಅಂಕಿ ಸೊನ್ನೆಗೆ ಬರುತ್ತದೆಯೇ ಎಂದು ಕೇಳಿ ನೋಡುವುದರಲ್ಲಿ ತಪ್ಪಿಲ್ಲ.

ಹೊಗೆಯ ಬಣ್ಣ ನೋಡಿ ದೋಷ ಹೇಳಬಹುದೇ?

ಬಹಳ ಮಟ್ಟಿಗೆ ಹೇಳಬಹುದು. ಕಪ್ಪು ಎಂದರೆ ಗಾಳಿಗಿಂತ ಡೀಸೆಲ್ ಹೆಚ್ಚಾಗಿ ಅರ್ಧಂಬರ್ಧ ಉರಿದಿದೆ. ನೀಲಿ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ: ರಿಂಗ್, ವಾಲ್ವ್ ಗೈಡ್ ಅಥವಾ ಟರ್ಬೊ ಸೀಲ್ ನೋಡಬೇಕು. ಬಿಳಿ ಎಂದರೆ ಡೀಸೆಲ್ ಉರಿಯದೆ ಆವಿಯಾಗಿ ಬರುತ್ತಿದೆ. ಬೆಳಗಿನ ಚಳಿಯಲ್ಲಿ ಸ್ವಲ್ಪ ಹೊತ್ತು ಬಂದು ನಿಂತರೆ ಚಿಂತೆಯಿಲ್ಲ, ಬಿಸಿಯಾದ ಮೇಲೂ ಬಂದರೆ ಟೈಮಿಂಗ್ ಹಿಂದೆ ಬಿದ್ದಿದೆ ಅಥವಾ ಕಂಪ್ರೆಷನ್ ಇಲ್ಲ. ರೇಡಿಯೇಟರ್ ನೀರು ಕಡಿಮೆಯಾಗುತ್ತಾ ಬಿಳಿ ಹೊಗೆ ಬಂದರೆ ಹೆಡ್ ಗ್ಯಾಸ್ಕೆಟ್ ಮೇಲೆ ಕಣ್ಣಿಡಿ.

ತಪಾಸಣೆಯಲ್ಲಿ ಫೇಲ್ ಆಗುವ ಬಹುಪಾಲು ಲಾರಿಗಳದ್ದು ಕಪ್ಪು ಹೊಗೆ. ಆದರೆ ಬೆಳಕನ್ನು ತಡೆಯುವ ಯಾವ ಬಣ್ಣದ ಹೊಗೆಯಾದರೂ ಮೀಟರಿಗೆ ಒಂದೇ.

ಕಪ್ಪು ಹೊಗೆ. ಎಲ್ಲಿಂದ ಶುರು ಮಾಡಲಿ?

ಗಾಳಿಯಿಂದ. ಪಂಪ್ ಬಿಚ್ಚಿಸುವ ಮೊದಲು ಗಾಳಿ ಬರುವ ದಾರಿಯನ್ನು ಪೂರ್ತಿ ನೋಡಿ. ನಮ್ಮಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ. ಹೊಗೆ ಎಂದ ಕೂಡಲೇ ಪಂಪ್ ಅಂಗಡಿಗೆ ಓಡುತ್ತಾರೆ, ದುಡ್ಡು ಸುರಿಯುತ್ತಾರೆ. ಏರ್ ಫಿಲ್ಟರ್ ಮಾತ್ರ ಹಾಗೆಯೇ ಮಣ್ಣು ಕಟ್ಟಿಕೊಂಡು ಕೂತಿರುತ್ತದೆ.

ಕಾಗದದ ಫಿಲ್ಟರ್ ಇದ್ದರೆ ಹೊರತೆಗೆದು, ಒಳಗೆ ಒಂದು ಬಲ್ಬ್ ಹಿಡಿದು ಹೊರಗಿನಿಂದ ನೋಡಿ. ಬೆಳಕು ಮಂಕಾಗಿ ಕಂಡರೆ ಬದಲಾಯಿಸಿ. ಚುಕ್ಕೆ ಚುಕ್ಕೆಯಾಗಿ ಪ್ರಖರವಾಗಿ ಕಂಡರೆ ಕಾಗದ ತೂತಾಗಿದೆ, ಆಗಂತೂ ಇನ್ನೊಂದು ದಿನವೂ ಹಾಕಬಾರದು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯನ್ನು ಜೋರಾಗಿ ಹೊರಗಿನಿಂದ ಒಳಕ್ಕೆ ಹೊಡೆಯುವುದು, ಟೈರಿಗೆ ಬಡಿದು ಧೂಳು ಕೊಡವುವುದು ಎರಡೂ ಫಿಲ್ಟರನ್ನು ಕೊಲ್ಲುವ ಕೆಲಸಗಳು. ಹೊಡೆಯಲೇಬೇಕಾದರೆ ಕಡಿಮೆ ಒತ್ತಡದಲ್ಲಿ, ಒಳಗಿನಿಂದ ಹೊರಕ್ಕೆ. ಒಳಗೆ ಎರಡನೆಯ ಚಿಕ್ಕ ಫಿಲ್ಟರ್ ಇದ್ದರೆ ಅದನ್ನು ಸ್ವಚ್ಛ ಮಾಡುವ ಕ್ರಮವಿಲ್ಲ, ಬದಲಾಯಿಸುವುದಷ್ಟೇ. ಹಳೆಯ ಗಾಡಿಗಳಲ್ಲಿರುವ ಆಯಿಲ್ ಬಾತ್ ಫಿಲ್ಟರಿನ ಬಟ್ಟಲನ್ನು ಬಿಚ್ಚಿ, ಕೆಸರಾದ ಎಣ್ಣೆ ಚೆಲ್ಲಿ, ಜಾಲರಿಯನ್ನು ಡೀಸೆಲ್‌ನಲ್ಲಿ ತೊಳೆದು ಒಣಗಿಸಿ, ಗುರುತಿನ ಮಟ್ಟಕ್ಕೆ ಮಾತ್ರ ಹೊಸ ಎಣ್ಣೆ ಹಾಕಬೇಕು.

ಕಂಪನಿ ಹೇಳುವ ಕಿಲೋಮೀಟರ್ ಲೆಕ್ಕ ಡಾಂಬರು ರಸ್ತೆಗೆ ಸರಿ. ಸಂಡೂರು, ಹೊಸಪೇಟೆ ಕಡೆ ಅದಿರು ಹೊಡೆಯುವ ಲಾರಿಗೆ, ಕಲ್ಲು ಕ್ವಾರಿಯಿಂದ ಜಲ್ಲಿ, ಎಂ ಸ್ಯಾಂಡ್ ತುಂಬುವ ಟಿಪ್ಪರಿಗೆ ಆ ಲೆಕ್ಕ ಹೊಂದುವುದೇ ಇಲ್ಲ. ಅಲ್ಲಿ ಕಿಲೋಮೀಟರ್ ಬಿಟ್ಟು ಧೂಳನ್ನು ನೋಡಿ ತೀರ್ಮಾನಿಸಬೇಕು.

ಫಿಲ್ಟರಿನಿಂದ ಎಂಜಿನ್‌ವರೆಗಿನ ರಬ್ಬರ್ ಕೊಳವೆಗಳನ್ನು ಕೈಯಿಂದ ಹಿಸುಕಿ ನೋಡಿ. ಒಳಪದರ ಸುಲಿದು ಬಿದ್ದ ಹೋಸ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಎಂಜಿನ್ ಎಳೆದುಕೊಂಡಾಗ ಮಾತ್ರ ಒಳಗೆ ಮುಚ್ಚಿಕೊಳ್ಳುತ್ತದೆ.

ಟರ್ಬೊ ಗಾಡಿಯಲ್ಲಿ ಇನ್ನೇನು ನೋಡಬೇಕು?

ಟರ್ಬೊದಿಂದ ಇಂಟರ್‌ಕೂಲರ್, ಅಲ್ಲಿಂದ ಮ್ಯಾನಿಫೋಲ್ಡ್‌ವರೆಗೆ ಗಾಳಿ ಸೋರಿಕೆ ಇದೆಯೇ ಎಂದು ನೋಡಬೇಕು. ಕ್ಲ್ಯಾಂಪ್ ಸಡಿಲವಾದ ಜಾಗದಲ್ಲಿ ಎಣ್ಣೆ ಬೆರೆತ ಧೂಳಿನ ಕಲೆ ಇರುತ್ತದೆ, ಸೋಪಿನ ನೀರು ಹಚ್ಚಿದರೆ ಗುಳ್ಳೆ ಬರುತ್ತದೆ. ಟರ್ಬೊ ಶಾಫ್ಟನ್ನು ಬೆರಳಲ್ಲಿ ಅಲ್ಲಾಡಿಸಿದಾಗ ರೆಕ್ಕೆ ಒಳಗೋಡೆಗೆ ತಾಗಿದರೆ ಟರ್ಬೊ ಕೆಲಸ ಮಾಡಿಸಲೇಬೇಕು. ಇದನ್ನು ಎಂಜಿನ್ ಆಫ್ ಆಗಿ, ತಣ್ಣಗಾದ ಮೇಲೆ ಮಾತ್ರ ನೋಡಿ.

ನಾಜಲ್ ಯಾವಾಗ ಬಿಚ್ಚಿಸಬೇಕು?

ಗಾಳಿಯ ದಾರಿ ಸರಿ ಮಾಡಿದ ಮೇಲೂ ಹೊಗೆ ಇಳಿಯದಿದ್ದರೆ ಮುಂದಿನ ಹೆಜ್ಜೆ ನಾಜಲ್. ಡೀಸೆಲ್ ಮಂಜಿನಂತೆ ಸಿಡಿಯಬೇಕಾದಲ್ಲಿ ನಾಜಲ್ ಸವೆದು ಧಾರೆಯಾಗಿ ಬಿದ್ದರೆ, ಅಥವಾ ಸಿಡಿದು ನಿಂತ ಮೇಲೂ ತೊಟ್ಟಿಕ್ಕಿದರೆ ಅದು ಪೂರ್ತಿ ಉರಿಯುವುದಿಲ್ಲ. ಸ್ಪ್ರಿಂಗ್ ಬಳಲಿದಂತೆ ನಾಜಲ್ ತೆರೆಯುವ ಒತ್ತಡವೂ ಇಳಿಯುತ್ತದೆ. ಪಂಪ್ ಅಂಗಡಿಯಲ್ಲಿ ಕೈಪಂಪಿನ ಟೆಸ್ಟರ್ ಮೇಲೆ ಇಟ್ಟು ಒತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಆ ಹೊತ್ತಿನಲ್ಲಿ ನೀವೇ ಎದುರು ನಿಂತು ನೋಡಿ. ಒಳ್ಳೆಯ ಕೆಲಸಗಾರ ಇದಕ್ಕೆ ಬೇಸರಿಸುವುದಿಲ್ಲ. ಟೆಸ್ಟರಿನ ಸಿಡಿತಕ್ಕೆ ಕೈಯನ್ನು ಮಾತ್ರ ಒಡ್ಡಬೇಡಿ, ಆ ಒತ್ತಡದಲ್ಲಿ ಡೀಸೆಲ್ ಚರ್ಮವನ್ನು ಸೀಳಿ ರಕ್ತಕ್ಕೆ ಸೇರುತ್ತದೆ.

ಎಲ್ಲ ನಾಜಲ್‌ಗಳನ್ನೂ ಒಟ್ಟಿಗೆ ಮಾಡಿಸಿ. ಆರರಲ್ಲಿ ಎರಡನ್ನು ಮಾತ್ರ ಮಾಡಿಸಿದರೆ ಎಂಜಿನ್ ಏರುಪೇರಾಗಿ ಉರಿಯುತ್ತದೆ. ಮತ್ತೆ ಕೂರಿಸುವಾಗ ಕೆಳಗಿನ ತಾಮ್ರದ ವಾಷರ್ ಹೊಸದಿರಲಿ, ಹಳೆಯದು ಹೆಡ್‌ನಲ್ಲೇ ಅಂಟಿಕೊಂಡು ಉಳಿದಿಲ್ಲ ಎಂದು ಟಾರ್ಚ್ ಬಿಟ್ಟು ನೋಡಿಸಿ. ಎರಡು ವಾಷರ್ ಆದರೆ ನಾಜಲ್ ಮೇಲಕ್ಕೆ ನಿಲ್ಲುತ್ತದೆ, ಸಿಡಿತ ಪಿಸ್ಟನ್ನಿನ ಬಟ್ಟಲಿಗೆ ಸರಿಯಾಗಿ ಬೀಳುವುದಿಲ್ಲ, ಹೊಸ ನಾಜಲ್ ಹಾಕಿಯೂ ಹೊಗೆ ಬರುತ್ತದೆ. ನಿಮ್ಮ ಎಂಜಿನ್‌ನ ಭಾಗ ಸಂಖ್ಯೆಯ ನಾಜಲ್ ಅನ್ನೇ ಹಾಕಿಸಿ; "ಇದೂ ಹಿಡಿಯುತ್ತದೆ" ಎಂಬ ಮಾತಿಗೆ ಒಪ್ಪಬೇಡಿ.

ಪಂಪ್‌ನಲ್ಲಿ ಏನೇನು ತಪ್ಪಿರುತ್ತದೆ?

ನಮ್ಮ ಹಳೆಯ ಲಾರಿಗಳಲ್ಲಿ ಹೆಚ್ಚಾಗಿ ಕಾಣುವುದು ಮೈಕೋ ಪಂಪ್. ಅದನ್ನು ತಯಾರಿಸುತ್ತಿದ್ದ ಬೆಂಗಳೂರಿನ ಕಂಪನಿಯ ಹೆಸರು ಈಗ ಬಾಷ್ ಎಂದಾಗಿದ್ದರೂ ಗ್ಯಾರೇಜಿನಲ್ಲಿ ಇವತ್ತಿಗೂ ಮೈಕೋ ಎಂದೇ ಹೇಳುತ್ತಾರೆ. ಇವು ಗಟ್ಟಿ ಪಂಪ್‌ಗಳು. ಸವೆತದಿಂದ ಕೆಡುವುದಕ್ಕಿಂತ ಹೆಚ್ಚಾಗಿ ಕೈಯಾಡಿಸುವುದರಿಂದ ಕೆಡುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೈಯಾಡಿಸುವ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ. ಲೋಡ್ ಹಾಕಿದಾಗ ಘಾಟಿ ಹತ್ತುತ್ತಿಲ್ಲ ಎಂದು ಚಾಲಕ ದೂರುತ್ತಾನೆ. ನಿಜವಾದ ಕಾರಣ ಮುಚ್ಚಿಕೊಂಡ ಏರ್ ಫಿಲ್ಟರೋ, ಸೋರುವ ಟರ್ಬೊ ಹೋಸೋ ಇರುತ್ತದೆ. ಮೆಕ್ಯಾನಿಕ್ ಪಂಪಿನ ಸೀಲ್ ಒಡೆದು ಫುಲ್ ಲೋಡ್ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚು ಮಾಡುತ್ತಾನೆ. ಎರಡು ದಿನ ಪಿಕಪ್ ಬಂದಂತೆ ಅನ್ನಿಸುತ್ತದೆ. ಆಮೇಲೆ ಮೈಲೇಜ್ ಇಳಿಯುತ್ತದೆ, ಹೊಗೆ ಏರುತ್ತದೆ, ಹೆಚ್ಚಿನ ಬಿಸಿಗೆ ಪಿಸ್ಟನ್, ವಾಲ್ವ್‌ಗಳು ಸೊರಗುತ್ತವೆ.

ಟರ್ಬೊ ಗಾಡಿಗಳ ಪಂಪಿನ ಮೇಲೆ ಡಯಾಫ್ರಾಮ್ ಇರುವ ಒಂದು ಡಬ್ಬಿ ಇರುತ್ತದೆ. ಟರ್ಬೊ ಒತ್ತಡ ಬರುವವರೆಗೆ ಡೀಸೆಲ್ ಅನ್ನು ಹಿಡಿದಿಟ್ಟು, ಒತ್ತಡ ಬಂದ ಮೇಲೆ ಬಿಡುವುದು ಅದರ ಕೆಲಸ. ತಪಾಸಣೆಯಲ್ಲಿ ಒಮ್ಮೆಗೇ ಒತ್ತಿದಾಗ ಹೊಗೆಯನ್ನು ತಡೆಯುವುದೇ ಈ ಡಬ್ಬಿ. ಅದರ ಸಣ್ಣ ಗಾಳಿ ಕೊಳವೆ ಬಿರುಕು ಬಿಟ್ಟರೆ ಲಾರಿ ಮೊದಲು ಹೊಗೆ ಬಿಡುವುದಿಲ್ಲ, ಎಳೆಯುವುದಿಲ್ಲ ಅಷ್ಟೇ. ಆ ಕೊಳವೆಯನ್ನು ನೋಡದೆ ಸ್ಕ್ರೂ ತಿರುಗಿಸುತ್ತಾರೆ. ಅಲ್ಲಿಂದ ಹೊಗೆ ಶುರುವಾಗುತ್ತದೆ. ಯಾರೋ ಎಂದೋ ಕೊಳವೆ ಬದಲಾಯಿಸಿದ ದಿನ ಅದು ಇನ್ನೂ ಹೆಚ್ಚುತ್ತದೆ. ಹಾಗಾಗಿ ಪಂಪ್ ಬಿಚ್ಚುವ ಮೊದಲು ಈ ಕೊಳವೆಯನ್ನು ಕೈಯಿಂದ ಮುಟ್ಟಿ ನೋಡಿ.

ಇನ್ನೊಂದು, ಟೈಮಿಂಗ್. ಪಂಪ್ ಇಳಿಸಿ ಏರಿಸಿದಾಗ, ಕಪ್ಲಿಂಗ್ ಸವೆದಾಗ ಡೀಸೆಲ್ ಬೀಳುವ ಗಳಿಗೆ ಹಿಂದೆ ಸರಿಯುತ್ತದೆ. ತಡವಾಗಿ ಬಿದ್ದ ಡೀಸೆಲ್ ಉರಿದು ಮುಗಿಯುವಷ್ಟರಲ್ಲಿ ಸೈಲೆನ್ಸರ್ ವಾಲ್ವ್ ತೆರೆದಿರುತ್ತದೆ. ಗುರುತು ನೋಡಿ ಸ್ಪಿಲ್ ಟೈಮಿಂಗ್ ಮಾಡಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ, ಆದರೆ ಅಂದಾಜಿನಲ್ಲಿ ಮಾಡುವ ಕೆಲಸವೂ ಅಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಅಂಕಿ ಇಳಿಯದಿದ್ದರೆ ಪಂಪನ್ನು ಟೆಸ್ಟ್ ಬೆಂಚಿನ ಮೇಲೆ ಕ್ಯಾಲಿಬ್ರೇಷನ್‌ಗೆ ಕೊಡಿ. ಪ್ರತಿ ಎಲಿಮೆಂಟ್ (ಒಂದೊಂದು ಸಿಲಿಂಡರಿಗೆ ಡೀಸೆಲ್ ಒತ್ತುವ ಪಂಪಿನ ಭಾಗ) ಎಷ್ಟು ಡೀಸೆಲ್ ಕೊಡುತ್ತದೆ ಎಂಬುದನ್ನು ಅಳತೆ ಕೊಳವೆಗಳಲ್ಲಿ ಹಿಡಿದು ಸಮ ಮಾಡುತ್ತಾರೆ. ನಿಮ್ಮ ಪಂಪಿನ ಸಂಖ್ಯೆಗೆ ಕಂಪನಿ ಕೊಟ್ಟ ಟೆಸ್ಟ್ ಪ್ಲಾನ್ ಪ್ರಕಾರವೇ ಮಾಡುತ್ತಾರೆಯೇ ಎಂದು ಕೇಳಿ. ಕೆಲಸ ಮುಗಿದ ಮೇಲೆ ಹೊಸ ಸೀಲ್ ಹಾಕಿಸಿ, ಮುಂದೆ ಅದನ್ನು ಯಾರೂ ಒಡೆಯದಂತೆ ನೋಡಿಕೊಳ್ಳಿ.

"ತಪಾಸಣೆಗೆ ಮಾತ್ರ ಡೀಸೆಲ್ ಇಳಿಸಿ ಕೊಡುತ್ತೇವೆ, ಆಮೇಲೆ ಮತ್ತೆ ಏರಿಸಿಕೊಳ್ಳಿ" ಎನ್ನುತ್ತಾರೆ. ಮಾಡಿಸಲೇ?

ಬೇಡ. ಇದು ಬಹಳ ಕಡೆ ನಡೆಯುವ ಕೆಲಸ, ಮತ್ತು ಇದರಿಂದ ಮಾಲೀಕನಿಗೆ ಏನೂ ಸಿಗುವುದಿಲ್ಲ. ಸ್ಕ್ರೂ ತಿರುಗಿಸಿ ಪಾಸ್ ಮಾಡಿಸಿ ಮತ್ತೆ ತಿರುಗಿಸಿದರೆ ಆರು ತಿಂಗಳಿಗೊಮ್ಮೆ ಅದೇ ಕೂಲಿ ಕೊಡುತ್ತಾ, ನಡುವಿನ ಆರು ತಿಂಗಳು ಹೆಚ್ಚಿನ ಡೀಸೆಲ್ ಸುಡುತ್ತಾ ಇರುತ್ತೀರಿ. ಸರಿಯಾದ ಅಳತೆಗೆ ತಂದ ಪಂಪ್‌ನಲ್ಲಿ ಲಾರಿ ಎಳೆಯುತ್ತಿಲ್ಲ ಎಂದರೆ ಗಾಳಿ, ಕಂಪ್ರೆಷನ್ ಅಥವಾ ಹೇರುತ್ತಿರುವ ಲೋಡ್, ಈ ಮೂರರಲ್ಲಿ ಒಂದು ತಪ್ಪಿದೆ. ಪಾಸಿಂಗ್‌ಗಿಂತ ಹೆಚ್ಚು ಲೋಡ್ ಹಾಕಿ ಪಿಕಪ್ ಇಲ್ಲ ಎನ್ನುವುದಕ್ಕೆ ಪಂಪ್ ಅಂಗಡಿಯಲ್ಲಿ ಮದ್ದಿಲ್ಲ.

ದಿನವಿಡೀ ಆ ಹೊಗೆಯ ಹತ್ತಿರ ಇರುವವರು ಚಾಲಕ, ಕ್ಲೀನರ್ ಮತ್ತು ಹಮಾಲರು ಎಂಬುದನ್ನೂ ನೆನಪಿಡಿ. ಡೀಸೆಲ್ ಹೊಗೆಯಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಖಚಿತ ಕಾರಕಗಳ ಪಟ್ಟಿಗೆ ಸೇರಿಸಿದೆ.

ಎಂಜಿನ್ ಬೋರ್ ಕೆಲಸ ಮಾಡಿಸದೆ ಪಾಸಾಗುವುದಿಲ್ಲ ಎಂದು ಮೆಕ್ಯಾನಿಕ್ ಹೇಳುತ್ತಾನೆ. ನಿಜವೇ?

ಕೆಲವೊಮ್ಮೆ ನಿಜ. ಆದರೆ ಒಪ್ಪುವ ಮೊದಲು ಇವನ್ನು ನೋಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಲು ಬಹಳ ಹೊತ್ತು ಸೆಲ್ಫ್ ಹೊಡೆಯಬೇಕೇ? ಎಂಜಿನ್ ಓಡುವಾಗ ಆಯಿಲ್ ಮುಚ್ಚಳ ತೆಗೆದರೆ ರಭಸದಿಂದ ಹೊಗೆ ನುಗ್ಗುತ್ತದೆಯೇ? ಆಯಿಲ್ ಎಲ್ಲೂ ಸೋರದೆ ಕಡಿಮೆಯಾಗುತ್ತಿದೆಯೇ? ಮೂರಕ್ಕೂ ಹೌದು ಎಂದಾದರೆ ಕಂಪ್ರೆಷನ್ ಅಳೆಸಿ. ಅಂಕಿ ನೋಡಿದ ಮೇಲೆ ಲೈನರ್, ಪಿಸ್ಟನ್, ರಿಂಗ್ ಕೆಲಸಕ್ಕೆ ಕೈಹಾಕಿ. ಒಂದಕ್ಕೂ ಹೌದು ಎನ್ನಲಾಗದಿದ್ದರೆ ಆ ದುಡ್ಡು ಸದ್ಯಕ್ಕೆ ಜೇಬಿನಲ್ಲೇ ಇರಲಿ. ಟ್ಯಾಪೆಟ್ ಅಂತರ, ಅಂದರೆ ವಾಲ್ವ್‌ಗಳಿಗೆ ಬಿಡುವ ಸಣ್ಣ ಸಂದು, ಸರಿಪಡಿಸಿದ್ದರಿಂದಲೇ ಉಸಿರಾಟ ಸರಿಯಾಗಿ ಹೊಗೆ ಇಳಿದ ಎಂಜಿನ್‌ಗಳಿವೆ.

ಥರ್ಮೋಸ್ಟಾಟ್ ತೆಗೆದುಹಾಕಿದ್ದೇವೆ. ಅದಕ್ಕೂ ಹೊಗೆಗೂ ಸಂಬಂಧವಿದೆಯೇ?

ಖಂಡಿತ ಇದೆ. ಎಂಜಿನ್ ಬಿಸಿಯಾಗುತ್ತದೆ ಎಂದು ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು ಬಿಸಾಡುವುದು ನಮ್ಮ ಗ್ಯಾರೇಜುಗಳ ಕೆಟ್ಟ ರೂಢಿ. ಅದಿಲ್ಲದ ಎಂಜಿನ್ ಓಡುವ ಬಿಸಿಗೆ ಬರುವುದೇ ನಿಧಾನ, ಮಲೆನಾಡಿನ ಮಳೆಗಾಲದಲ್ಲಂತೂ ಬರುವುದೇ ಇಲ್ಲ. ತಣ್ಣನೆಯ ಎಂಜಿನ್‌ನಲ್ಲಿ ಡೀಸೆಲ್ ಸರಿಯಾಗಿ ಉರಿಯದೆ ಗೋಡೆಗಂಟಿ ಆಯಿಲ್‌ಗೆ ಇಳಿಯುತ್ತದೆ. ಹೊಸ ಥರ್ಮೋಸ್ಟಾಟ್ ಹಾಕಿಸಿ. ಬಿಸಿಯಾಗುವ ಕಾಯಿಲೆಗೆ ರೇಡಿಯೇಟರ್, ವಾಟರ್ ಪಂಪ್, ಫ್ಯಾನ್ ಬೆಲ್ಟ್ ನೋಡಿಸಿ.

ಸೈಲೆನ್ಸರ್ ಬದಲಾಯಿಸಿದರೆ ಹೊಗೆ ಕಡಿಮೆಯಾಗುತ್ತದೆಯೇ?

ಒಳಗೆ ಕುಸಿದಿದ್ದರೆ ಅಥವಾ ಮಸಿಯಿಂದ ಮುಚ್ಚಿಕೊಂಡಿದ್ದರೆ ಮಾತ್ರ. ಅದಕ್ಕಿಂತ ಮೊದಲು ಎಕ್ಸಾಸ್ಟ್ ಬ್ರೇಕ್ ನೋಡಿ. ಘಾಟಿ ಇಳಿಯುವಾಗ ಹೊಗೆ ದಾರಿಯನ್ನು ಮುಚ್ಚುವ ಆ ತಗಡು ಅರ್ಧದಲ್ಲೇ ಸಿಕ್ಕಿಹಾಕಿಕೊಂಡರೆ ಎಂಜಿನ್‌ಗೆ ಹೊಗೆ ಬಿಡಲೂ ಆಗುವುದಿಲ್ಲ, ಹೊಸ ಗಾಳಿ ಎಳೆದುಕೊಳ್ಳಲೂ ಆಗುವುದಿಲ್ಲ.

ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸಿದರೆ ಪಾಸಾಗುತ್ತದೆ ಎನ್ನುತ್ತಾರಲ್ಲ?

ಮಾಡಬೇಡಿ. ಬೆರಕೆ ಮಾಡುವುದು ಅಪರಾಧ. ಜೊತೆಗೆ ಪಂಪಿನ ಒಳಭಾಗಗಳಿಗೆ ಜಾರುವ ಗುಣ ಕೊಡುವುದು ಡೀಸೆಲ್ಲೇ. ಸೀಮೆಎಣ್ಣೆಗೆ ಆ ಗುಣ ಕಡಿಮೆ. ಒಂದು ಚೀಟಿಗಾಗಿ ಪಂಪಿನ ಎಲಿಮೆಂಟ್‌ಗಳನ್ನು ಸವೆಸಿಕೊಳ್ಳುವುದು ಎಂಥ ವ್ಯಾಪಾರ? ಬಾಟಲಿಗಳಲ್ಲಿ ಮಾರುವ ನಾಜಲ್ ಕ್ಲೀನರ್ ದ್ರವಗಳು ಸ್ವಲ್ಪ ಮಸಿ ಕರಗಿಸಬಹುದು, ಸವೆದ ನಾಜಲನ್ನು ಹೊಸದು ಮಾಡಲಾರವು. ಅದಕ್ಕಿಂತ ಡೀಸೆಲ್ ಫಿಲ್ಟರ್ ಬದಲಾಯಿಸಿ, ಟ್ಯಾಂಕಿನ ತಳದ ನೀರು ಮತ್ತು ಕೆಸರು ಇಳಿಸುವುದು ಹೆಚ್ಚು ಉಪಯೋಗ.

ಮಂಗಳೂರಿನಲ್ಲಿ ಪಾಸಾದ ಲಾರಿ ಮಡಿಕೇರಿಯಲ್ಲಿ ಹೊಗೆ ಉಗುಳುತ್ತದೆ. ಹೀಗೇಕೆ?

ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲೇ ಗಾಳಿಯ ಸಾಂದ್ರತೆ ಕರಾವಳಿಗಿಂತ ಹತ್ತನೇ ಒಂದು ಭಾಗದಷ್ಟು ಕಡಿಮೆ. ಮಡಿಕೇರಿ ಅದಕ್ಕಿಂತಲೂ ಎತ್ತರದಲ್ಲಿದೆ. ಯಾಂತ್ರಿಕ ಪಂಪಿಗೆ ಇದು ತಿಳಿಯುವುದಿಲ್ಲ, ಅದು ಮೊದಲಿನಷ್ಟೇ ಡೀಸೆಲ್ ಕೊಡುತ್ತದೆ. ಟರ್ಬೊ ಇಲ್ಲದ ಎಂಜಿನ್‌ನಲ್ಲಿ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಕರಾವಳಿಯಲ್ಲಿ ಅಂಚಿನಲ್ಲೇ ಪಾಸಾಗುವ ಲಾರಿ ಮೇಲೆ ಫೇಲ್ ಆಗುವುದು ಸಹಜ, ಆದ್ದರಿಂದ ಅಂಚಿನಲ್ಲಿ ತೃಪ್ತಿಪಡಬೇಡಿ. ಹಳೆಯ ಲಾರಿಯಾದರೂ 2.45ಕ್ಕಿಂತ ಸಾಕಷ್ಟು ಕೆಳಗೆ ತಂದಿಟ್ಟುಕೊಂಡರೆ ಮುಂದಿನ ತಪಾಸಣೆಯವರೆಗೂ ನೆಮ್ಮದಿ.

ತಪಾಸಣೆಯ ದಿನ ಏನು ಮಾಡಬೇಕು?

ಊರೊಳಗಿನ ನಿಧಾನ ಓಡಾಟದಲ್ಲಿ, ಗಂಟೆಗಟ್ಟಲೆ ಐಡ್ಲಿಂಗ್‌ನಲ್ಲಿ ಸೈಲೆನ್ಸರಿನೊಳಗೆ ಮಸಿ ಕೂರುತ್ತದೆ. ಒತ್ತಿದ ಕೂಡಲೇ ಅದೆಲ್ಲ ಎದ್ದು ಬಂದು ಮೀಟರಿಗೆ ಸೇರುತ್ತದೆ. ಹಾಗಾಗಿ ಲೋಡ್ ಇರುವ ಲಾರಿಯನ್ನು ಹೈವೇಯಲ್ಲಿ ಅರ್ಧ ಗಂಟೆಯಾದರೂ ಚೆನ್ನಾಗಿ ಓಡಿಸಿ, ನೇರವಾಗಿ ಕೇಂದ್ರಕ್ಕೆ ಹೋಗಿ. ಸಾಲು ಉದ್ದವಿದ್ದು ಎಂಜಿನ್ ತಣ್ಣಗಾದರೆ ಮತ್ತೊಂದು ಸುತ್ತು ಹೋಗಿ ಬನ್ನಿ. ಅಳತೆ ಶುರುವಾಗುವ ಮೊದಲು ಕೆಲವು ಸಲ ಒತ್ತಿ ಮಸಿ ಹೊರಹಾಕಿಸುವುದು ಪರೀಕ್ಷೆಯ ಕ್ರಮದಲ್ಲೇ ಇದೆ, ಅದನ್ನು ಕೇಳಿ ಮಾಡಿಸಿಕೊಳ್ಳಿ. ಏಸಿ ಇದ್ದರೆ ಆಫ್ ಇರಲಿ. ಸೈಲೆನ್ಸರ್ ಕೊಳವೆ ತೂತಾಗಿದ್ದರೆ ಮೊದಲೇ ವೆಲ್ಡಿಂಗ್ ಮಾಡಿಸಿ.

ಹಳೆಯ ಎಂಜಿನ್ ಮೇಲೆ ಹಾಗೆ ಪೂರ್ತಿ ಒತ್ತುವುದು ಅಪಾಯವಲ್ಲವೇ?

ಗವರ್ನರ್ ಸರಿಯಿದ್ದರೆ ಅಪಾಯವಿಲ್ಲ. ಸರಿಯಿಲ್ಲದಿದ್ದರೆ ಖಂಡಿತ ಇದೆ. ಗ್ಯಾರೇಜಿನಲ್ಲೇ ನಿಧಾನವಾಗಿ ವೇಗ ಏರಿಸಿ, ಕಂಪನಿ ಹೇಳಿದ ಗರಿಷ್ಠ ಮಟ್ಟದಲ್ಲಿ ಎಂಜಿನ್ ವೇಗ ಏರುವುದು ತಾನಾಗಿ ನಿಲ್ಲುತ್ತದೆಯೇ ಎಂದು ಮೊದಲೇ ನೋಡಿಸಿ. ಆಯಿಲ್ ಮಟ್ಟ ಗುರುತಿಗಿಂತ ಕಡಿಮೆಯೂ ಇರಬಾರದು, ಹೆಚ್ಚೂ ಇರಬಾರದು. ಹೆಚ್ಚಾದ ಆಯಿಲ್ ಗಾಳಿಯ ದಾರಿಗೆ ಸೇರಿದರೆ ಎಂಜಿನ್ ಅದನ್ನೇ ಉರಿಸಿಕೊಂಡು ಹಿಡಿತಕ್ಕೆ ಸಿಗದೆ ಓಡುವ ಸಂಭವವಿದೆ. ಎಂಜಿನ್ ನಿಲ್ಲಿಸುವ ಸ್ಟಾಪ್ ಕೇಬಲ್ ಕೆಲಸ ಮಾಡುತ್ತಿರಲಿ. ಇದನ್ನೆಲ್ಲ ನೋಡಿದ ಮೇಲೆ ಅರ್ಧ ಮಾತ್ರ ಒತ್ತಿ ಎಂದು ಕೇಂದ್ರದವರನ್ನು ಕೇಳಿಕೊಳ್ಳುವ ಅಗತ್ಯ ಇರುವುದಿಲ್ಲ. ಅರ್ಧ ಒತ್ತಿ ತೆಗೆದ ಅಂಕಿ ಸುಳ್ಳು ಅಂಕಿ.

ಫೇಲ್ ಆದರೆ ಮುಂದೇನು?

2021ರಲ್ಲಿ ಕೇಂದ್ರ ಸರ್ಕಾರ ದೇಶಕ್ಕೆಲ್ಲ ಒಂದೇ ನಮೂನೆಯ, ಕ್ಯೂಆರ್ ಕೋಡ್ ಇರುವ ಪ್ರಮಾಣಪತ್ರ ತಂದಾಗಲೇ ತಿರಸ್ಕಾರ ಚೀಟಿಯನ್ನೂ ತಂದಿತು. ಮಿತಿ ಮೀರಿದರೆ ಅಳೆದ ಅಂಕಿಯೊಂದಿಗೆ ಆ ಚೀಟಿ ಕೊಡಬೇಕು. ಅದನ್ನು ಹರಿದು ಹಾಕಬೇಡಿ. ಮೆಕ್ಯಾನಿಕ್‌ಗೆ ತೋರಿಸಲು ಅದಕ್ಕಿಂತ ಒಳ್ಳೆಯ ಕಾಗದವಿಲ್ಲ. 2.6 ಬಂದಿದ್ದರೆ ಫಿಲ್ಟರ್, ಹೋಸ್, ಟ್ಯಾಪೆಟ್‌ನಲ್ಲೇ ಮುಗಿಯಬಹುದು. 5 ದಾಟಿದ್ದರೆ ಪಂಪ್, ನಾಜಲ್‌ವರೆಗೆ ಹೋಗಬೇಕಾದೀತು. ಒಂದೊಂದು ದುರಸ್ತಿಯ ನಂತರವೂ ಅಳತೆ ತೆಗೆಸಿದರೆ ಯಾವುದರಿಂದ ಎಷ್ಟು ಇಳಿಯಿತು ಎಂದು ನಿಮಗೇ ತಿಳಿಯುತ್ತದೆ.

ಲಾರಿ ಒಯ್ಯದೆ ಚೀಟಿ ಮಾಡಿಸಿಕೊಡುವವರಿದ್ದಾರೆ.

ಇದ್ದಾರೆ. ಆ ಚೀಟಿ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಹೊಗೆ ಕಂಡು ಅನುಮಾನ ಬಂದ ಅಧಿಕಾರಿ, ಚೀಟಿ ಇದ್ದರೂ ಲಾರಿಯನ್ನು ಮತ್ತೆ ತಪಾಸಣೆಗೆ ಒಡ್ಡಿ ಎಂದು ಲಿಖಿತವಾಗಿ ಹೇಳಬಹುದು. ಅದನ್ನು ಪಾಲಿಸದಿದ್ದರೆ ನೋಂದಣಿಯನ್ನೇ ಅಮಾನತು ಮಾಡುವ ಅವಕಾಶವಿದೆ.

ಪ್ರಮಾಣಪತ್ರ ಎಷ್ಟು ಕಾಲ ನಡೆಯುತ್ತದೆ? ಇಲ್ಲದಿದ್ದರೆ ದಂಡ ಎಷ್ಟು?

ಬಿಎಸ್ 4ಕ್ಕಿಂತ ಹಿಂದಿನ ಗಾಡಿಗೆ ಆರು ತಿಂಗಳು. ಬಿಎಸ್ 4, ಬಿಎಸ್ 6 ಗಾಡಿಗಳಿಗೆ ಒಂದು ವರ್ಷ. ಕರ್ನಾಟಕದಲ್ಲಿ ಮಾಡಿಸಿದ್ದು ದೇಶದ ಎಲ್ಲ ಕಡೆ ನಡೆಯುತ್ತದೆ. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಪ್ರಕಾರ ಮೊದಲ ಸಲ ಸಿಕ್ಕಿಬಿದ್ದರೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ; ಜೊತೆಗೆ ಮೂರು ತಿಂಗಳು ಚಾಲನಾ ಪರವಾನಗಿ ಅನರ್ಹವಾಗುತ್ತದೆ. ಲಾರಿಯೇ ಜೀವನೋಪಾಯವಾದವರಿಗೆ ದಂಡಕ್ಕಿಂತ ಈ ಕೊನೆಯದು ದೊಡ್ಡ ಪೆಟ್ಟು.

ವಿಮೆ ನವೀಕರಣಕ್ಕೆ ಹೊಗೆ ಪ್ರಮಾಣಪತ್ರ ಬೇಕೇ ಬೇಕೇ?

2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬೇಕು ಎಂದಿತ್ತು. ಇದರಿಂದ ಅನೇಕ ವಾಹನಗಳು ವಿಮೆಯೇ ಇಲ್ಲದೆ ಓಡುವಂತಾಗಿ, ಅಪಘಾತಕ್ಕೆ ಸಿಕ್ಕವರಿಗೆ ಪರಿಹಾರ ಸಿಗುವುದು ಕಷ್ಟವಾಗುತ್ತದೆ ಎಂಬ ಕಾರಣಕ್ಕೆ 2024ರ ಜುಲೈನಲ್ಲಿ ಆ ಷರತ್ತನ್ನು ಕೈಬಿಟ್ಟಿತು. ಪ್ರಮಾಣಪತ್ರ ಇಟ್ಟುಕೊಳ್ಳುವ ಕಡ್ಡಾಯ ಮಾತ್ರ ಹಾಗೆಯೇ ಇದೆ.

ಎಫ್‌ಸಿ (ವಾಹನದ ಫಿಟ್‌ನೆಸ್ ಪ್ರಮಾಣಪತ್ರ) ಮೊದಲೋ, ಹೊಗೆ ತಪಾಸಣೆ ಮೊದಲೋ?

ಹೊಗೆ ಮೊದಲು. ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಪ್ರತಿ ವರ್ಷ ಎಫ್‌ಸಿ ಬೇಕು. ಎಫ್‌ಸಿ ದಿನಾಂಕ ಹತ್ತಿರ ಬಂದಾಗ ಬಣ್ಣ, ರಿಫ್ಲೆಕ್ಟರ್, ಬ್ರೇಕ್ ಎಂದು ಎಲ್ಲವನ್ನೂ ಒಟ್ಟಿಗೆ ಹಚ್ಚಿಕೊಂಡು ಎಂಜಿನ್ ಕೆಲಸವನ್ನು ಕೊನೆಗೆ ಬಿಡುತ್ತಾರೆ. ಪಂಪ್ ಕ್ಯಾಲಿಬ್ರೇಷನ್‌ಗೆ ಕೊಟ್ಟರೆ ಭಾಗ ಸಿಗದೆ ದಿನಗಟ್ಟಲೆ ನಿಲ್ಲುವುದುಂಟು. ಒಂದು ತಿಂಗಳು ಮೊದಲೇ ಹೊಗೆ ಅಳೆಸಿಕೊಂಡರೆ ಯಾವ ಕೆಲಸಕ್ಕೆ ಎಷ್ಟು ಸಮಯ ಬೇಕು ಎಂದು ತಿಳಿಯುತ್ತದೆ.

ನನ್ನದು ಬಿಎಸ್ 4 ಲಾರಿ. ಡಿಇಎಫ್ ಖರ್ಚು ಉಳಿಸಲು ಅದನ್ನು ಬೈಪಾಸ್ ಮಾಡಿದರೂ ಹೊಗೆಯಲ್ಲಿ ಪಾಸಾಗುತ್ತದೆ ಎನ್ನುತ್ತಾರೆ.

ಪಾಸಾಗಬಹುದು, ಏಕೆಂದರೆ ಡಿಇಎಫ್, ಅಂದರೆ ಶೇಕಡಾ 32.5ರ ಯೂರಿಯಾ ದ್ರಾವಣ, ಕಡಿಮೆ ಮಾಡುವುದು ನೈಟ್ರೋಜನ್ ಆಕ್ಸೈಡ್‌ಗಳನ್ನು. ಈ ತಪಾಸಣೆ ಅವುಗಳನ್ನು ಅಳೆಯುವುದೇ ಇಲ್ಲ. ಆದರೆ ಕಣ್ಣಿಗೆ ಕಾಣದ ಆ ಅನಿಲ ಉಸಿರಾಟಕ್ಕೆ ಮಸಿಯಷ್ಟೇ ಕೆಟ್ಟದ್ದು, ಮತ್ತು ಗಾಡಿಯ ಮಾಲಿನ್ಯ ನಿಯಂತ್ರಣ ವ್ಯವಸ್ಥೆಯನ್ನು ಕಿತ್ತುಹಾಕುವುದು ಕಾನೂನುಬಾಹಿರ. ಬೈಪಾಸ್ ಮಾಡಿಸಬೇಡಿ.

ದೆಹಲಿಯಂತೆ ಇಲ್ಲಿಯೂ ಹತ್ತು ವರ್ಷದ ಡೀಸೆಲ್ ಗಾಡಿ ನಿಲ್ಲಿಸಬೇಕಾಗುತ್ತದೆಯೇ?

ಆ ನಿರ್ಬಂಧ ದೆಹಲಿ ಮತ್ತು ಸುತ್ತಲಿನ ರಾಜಧಾನಿ ವಲಯಕ್ಕೆ ಸಂಬಂಧಿಸಿದ್ದು. 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹಾಕಿದ್ದನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕರ್ನಾಟಕದಲ್ಲಿ ಖಾಸಗಿ ಮಾಲೀಕರ ಹಳೆಯ ಲಾರಿಯನ್ನು ವಯಸ್ಸು ನೋಡಿಯೇ ನಿಲ್ಲಿಸುವ ಅಂಥ ಆದೇಶವಿಲ್ಲ. ಎಫ್‌ಸಿ ಮತ್ತು ಹೊಗೆ ಪ್ರಮಾಣಪತ್ರ ಸಿಗುವವರೆಗೆ ಓಡಿಸಬಹುದು. ಹಳೆಯ ಗಾಡಿಗೆ ಎಫ್‌ಸಿ ಶುಲ್ಕ ಮಾತ್ರ ವಯಸ್ಸಿನೊಂದಿಗೆ ಏರುತ್ತದೆ, ಅದನ್ನು ವರ್ಷದ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಕಡಿಮೆ ಖರ್ಚಿನಲ್ಲಿ ಮುಗಿಸಬೇಕು. ಯಾವ ಕ್ರಮದಲ್ಲಿ ಹೋಗಲಿ?

ಏರ್ ಫಿಲ್ಟರ್ ಮತ್ತು ಹೋಸ್. ಎಕ್ಸಾಸ್ಟ್ ಬ್ರೇಕ್. ಡೀಸೆಲ್ ಫಿಲ್ಟರ್, ಎಂಜಿನ್ ಆಯಿಲ್, ಥರ್ಮೋಸ್ಟಾಟ್. ಟ್ಯಾಪೆಟ್. ಇಲ್ಲಿಗೆ ಒಮ್ಮೆ ಅಳೆಸಿ. ಆಮೇಲೆ ಡಯಾಫ್ರಾಮ್ ಕೊಳವೆ ಮತ್ತು ಸ್ಪಿಲ್ ಟೈಮಿಂಗ್, ನಂತರ ನಾಜಲ್, ಮತ್ತೆ ಅಳೆಸಿ. ಪಂಪ್ ಕ್ಯಾಲಿಬ್ರೇಷನ್ ಅದರ ನಂತರ. ಟರ್ಬೊ, ಬೋರ್ ಕೆಲಸ ಕೊನೆಗೆ, ಅದೂ ಕಂಪ್ರೆಷನ್ ಅಂಕಿ ಕೈಯಲ್ಲಿ ಹಿಡಿದುಕೊಂಡು. ಮಾಡಿಸಿದ ದಿನಾಂಕ, ಲಾರಿ ಓಡಿದ ಕಿಲೋಮೀಟರ್ ಮತ್ತು ಕೆ ಮೌಲ್ಯವನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದು ಕ್ಯಾಬಿನ್‌ನಲ್ಲಿ ಇಟ್ಟುಕೊಳ್ಳಿ. ಮುಂದಿನ ಸಲ ಮೆಕ್ಯಾನಿಕ್ ಬದಲಾದರೂ ಲಾರಿಯ ಚರಿತ್ರೆ ನಿಮ್ಮ ಬಳಿಯೇ ಇರುತ್ತದೆ.